ಕೈ ಎತ್ತಿದ ರೈಟ್ ವಿಂಗ್

ದೋಹಾದಲ್ಲಿ ಮೇ ತಿಂಗಳ ಮಧ್ಯಾಹ್ನ ಕಾರಿನ ಹಿಡಿಕೆ ಮುಟ್ಟಿದರೆ ಬೆರಳು ಚುರುಕ್ಕೆನ್ನುತ್ತದೆ. ಅಂಥ ಊರಿನಲ್ಲಿ ಶರಣು ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಅಲ್ ಥುಮಾಮಾದ ಕಡೆ ಕಂಪನಿಯ ರೂಮಿನಲ್ಲಿ ಜೊತೆಗಿದ್ದವರು ಮೊದಮೊದಲು ಅವನಿಗೆ ಚಳಿಜ್ವರ ಎಂದುಕೊಂಡರು, ಆಮೇಲೆ ತಲೆ ಸರಿಯಿಲ್ಲ ಎಂದುಕೊಂಡರು. ಅವನ ಕೆಲಸ ಐಸ್ ಕಾಯುವುದು ಎಂದು ತಿಳಿದ ಮೇಲೆ ಎಲ್ಲರಿಗೂ ಹೊಟ್ಟೆ ಉರಿಯಿತು. ಬಿಸಿಲಲ್ಲಿ ಕಟ್ಟಡದ ಸರಳು ಕಟ್ಟುವವರ ನಡುವೆ ಒಬ್ಬನಿಗೆ ಮಾತ್ರ ಶೀತವಾಗುತ್ತದೆ ಎಂದರೆ ಯಾರಿಗೆ ಸಹನೆಯಾದೀತು?

ಬೆಟಗೇರಿಯ ಶರಣಪ್ಪ ಹಾಲಗಿ ಕತಾರಿಗೆ ಬಂದದ್ದು ತೊಂಬತ್ತಮೂರರಲ್ಲಿ, ಎಸಿ ಹೆಲ್ಪರ್ ಎಂಬ ವೀಸಾದ ಮೇಲೆ. ಅವನನ್ನು ತಂದ ಕಂಪನಿಗೆ ಒಂದು ಅಮ್ಯೂಸ್‌ಮೆಂಟ್ ಪಾರ್ಕು ಇತ್ತು. ಅದರ ಮೂಲೆಯಲ್ಲಿ ತಗಡಿನ ದೊಡ್ಡ ಶೆಡ್ಡು, ಶೆಡ್ಡಿನೊಳಗೆ ನೆಲದ ತುಂಬ ಐಸ್. ಸಂಜೆ ಹೊತ್ತು ಮಕ್ಕಳು ಅಲಗು ಕಟ್ಟಿದ ಬೂಟು ಹಾಕಿಕೊಂಡು ಅದರ ಮೇಲೆ ಜಾರಿ ಬಿದ್ದು ಅಳುತ್ತಿದ್ದರು. ಅಳುವುದಕ್ಕೂ ಟಿಕೆಟ್ ಇತ್ತು. ಮಕ್ಕಳು ಗೀರಿದ ಐಸನ್ನು ಕೆರೆದು, ನೀರು ಹಾಯಿಸಿ, ಮತ್ತೆ ಕನ್ನಡಿಯಂತೆ ಮಾಡುವುದು ಶರಣುವಿನ ಕೆಲಸ. ಶುಕ್ರವಾರ ಬೆಳಿಗ್ಗೆ ಮಾತ್ರ ಮಕ್ಕಳಿಗೆ ಪ್ರವೇಶವಿಲ್ಲ. ಅಂದು ತೈಲ ಕಂಪನಿಗಳ ಬಿಳಿಯ ಎಂಜಿನಿಯರುಗಳು ಬಂದು ಐಸ್ ಹಾಕಿ ಆಡುತ್ತಿದ್ದರು.

ಶರಣು ಮೊದಲ ಸಲ ಆ ಆಟವನ್ನು ಕಂಡು ನಕ್ಕ. ಗದಗ-ಬೆಟಗೇರಿಯಲ್ಲಿ ಹುಟ್ಟಿದವನಿಗೆ ಹಾಕಿಯನ್ನು ಯಾರೂ ಹೊಸದಾಗಿ ತೋರಿಸಬೇಕಾಗಿಲ್ಲ. ಅವನೂ ಊರ ತಂಡದಲ್ಲಿ ರೈಟ್ ವಿಂಗ್ ಆಡಿದವನೇ, ಅಂದರೆ ಬಲಗಡೆಯ ಗೆರೆ ಹಿಡಿದು ಓಡಿ ಮಧ್ಯದವನಿಗೆ ಚಂಡು ಒಪ್ಪಿಸುವವನು. ಇಲ್ಲಿಯೂ ಅದೇ ಆಟ, ಆದರೆ ಚಂಡಿನ ಬದಲು ರಬ್ಬರಿನ ಬಿಲ್ಲೆ, ಮಣ್ಣಿನ ಬದಲು ಐಸು, ಮತ್ತು ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸಲು ಸಂಪೂರ್ಣ ಪರವಾನಗಿ. ದೊಡ್ಡ ದೊಡ್ಡ ಸಂಬಳದವರು ವಾರದ ಸಿಟ್ಟನ್ನೆಲ್ಲ ತಂದು ಇಲ್ಲಿ ಖಾಲಿ ಮಾಡುತ್ತಿದ್ದರು.

ಐಸ್ ಕೆರೆಯುತ್ತ ಕೆರೆಯುತ್ತ ಅದರ ಮೇಲೆ ಜಾರುವುದನ್ನು ಅವನು ತಾನಾಗಿ ಕಲಿತ. ಒಂದು ಶುಕ್ರವಾರ ಪಾರ್ಕಿನ ತಂಡಕ್ಕೆ ಆಳು ಕಡಿಮೆ ಬಿತ್ತು. ತಂಡದ ಕ್ಯಾಪ್ಟನ್ ಡಂಕನ್ ಎಂಬ ಕೆನಡಾದವನು ಸುತ್ತ ನೋಡಿದ. ಪೊರಕೆ ಹಿಡಿದು ನಿಂತ ಶರಣು ಕಂಡ. ಪೊರಕೆ ಕಿತ್ತುಕೊಂಡು ಕೈಗೆ ಸ್ಟಿಕ್ಕು ಕೊಟ್ಟು, ಬಲಗಡೆಗೆ ಬೆರಳು ತೋರಿಸಿದ. ದೊಡ್ಡ ಆಟಗಾರರ ಜೀವನ ಚರಿತ್ರೆಗಳಲ್ಲಿ ಇಂಥ ಕ್ಷಣವನ್ನು ಬಹಳ ಬಣ್ಣಿಸುತ್ತಾರೆ. ಶರಣುವಿಗೆ ನೆನಪಿರುವುದು ಬೂಟು ಎರಡು ಸೈಜು ದೊಡ್ಡದಿತ್ತು ಎಂಬುದಷ್ಟೇ.

ಮೊದಲ ಆಟದಲ್ಲೇ ಒಬ್ಬ ದಾಂಡಿಗ ಅವನನ್ನು ಭುಜದಿಂದ ಗುದ್ದಿ ಬಿಲ್ಲೆ ಕಸಿದ. ಶರಣು ಅಲ್ಲೇ ನಿಂತು ರೆಫರಿಯ ಮುಖ ನೋಡಿದ. ಸೀಟಿ ಬರಲಿಲ್ಲ. ಎರಡನೆಯ ಸಲ ಗುದ್ದಿದಾಗಲೂ ನಿಂತ, ನೋಡಿದ. ನೋಡುವವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪಾರ್ಕಿನ ಮ್ಯಾನೇಜರ್ ಕಾಸ್ಮಿರ್, ಮಂಗಳೂರಿನವರು, ಬೆಂಚಿನಿಂದ ಕನ್ನಡದಲ್ಲಿ ಕೂಗಿದರು.

"ಶರಣು, ಇದು ನಿಮ್ಮ ಗದಗ ಅಲ್ಲ ಮಾರಾಯ. ಅವನು ದೂಡಿದರೆ ನೀನೂ ದೂಡು."

"ದೂಡಿದ್ರ ಫೌಲ್ ಅಲ್ಲೇನ್ರಿ ಸರ್?"

"ಫೌಲ್ ಅಲ್ಲ. ಅದೇ ಆಟ."

ಮುಂದಿನ ಎರಡು ವರ್ಷದಲ್ಲಿ ಅವರೆಲ್ಲ ಸೇರಿ ಅವನಿಗೆ ಕಲಿಸಿದ್ದಿಷ್ಟು: ಬೀಳುವುದು ಹೇಗೆ, ಬಿದ್ದವನು ಬೇಗ ಏಳುವುದು ಹೇಗೆ, ತಟ್ಟನೆ ನಿಲ್ಲುವುದು ಹೇಗೆ, ಬಿಲ್ಲೆ ಸಿಕ್ಕ ಕೂಡಲೇ ಡಂಕನ್ನನಿಗೆ ಕೊಡುವುದು ಹೇಗೆ. ಕೊನೆಯ ಪಾಠವನ್ನು ಎಲ್ಲರೂ ಒಬ್ಬೊಬ್ಬರಾಗಿ ಮತ್ತೆ ಮತ್ತೆ ಕಲಿಸಿದರು. ಶರಣು ಬಲಗಡೆಯಿಂದ ಗಾಳಿಯಂತೆ ನುಗ್ಗಿ ಬಿಲ್ಲೆಯನ್ನು ಡಂಕನ್ನನ ಸ್ಟಿಕ್ಕಿನ ಮುಂದೆ ತಟ್ಟೆಯಲ್ಲಿಟ್ಟಂತೆ ಇಡುತ್ತಿದ್ದ. ಡಂಕನ್ ಅದನ್ನು ಒಳಗೆ ತಳ್ಳುತ್ತಿದ್ದ. ಕಾಸ್ಮಿರ್ ಮೈಕಿನಲ್ಲಿ "ಗೋಲ್, ಡಂಕನ್" ಎನ್ನುತ್ತಿದ್ದರು. ಅಡಿಗೆಯವನ ಹೆಸರು ಕೇಳದೆ ಬಡಿಸಿದವನಿಗೆ ಕೈ ಮುಗಿಯುವುದು ಲೋಕರೂಢಿ, ಹೀಗಾಗಿ ಶರಣುವೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಟಕ್ಕೆ ಅವನಿಗೆ ಸಂಬಳವೂ ಇತ್ತು. ಉಳಿದವರೆಲ್ಲ ಎಂಜಿನಿಯರುಗಳು, ಖುಷಿಗೆ ಆಡುವವರು. ಆಡಿ ದುಡಿಯುವವನು ಇಡೀ ತಂಡದಲ್ಲಿ ಇವನೊಬ್ಬನೇ. ಆ ಲೆಕ್ಕದಲ್ಲಿ ಅಲ್ಲಿದ್ದ ವೃತ್ತಿಪರ ಆಟಗಾರನೆಂದರೆ ಬೆಟಗೇರಿಯ ಶರಣಪ್ಪನೇ. ಆದರೆ ಆಫೀಸಿನಲ್ಲಿ ಅದನ್ನು ಎಸಿ ರಿಪೇರಿಯ ಓವರ್‌ಟೈಮ್ ಎಂದು ತೋರಿಸುತ್ತಿದ್ದರು. ಎದುರಾಳಿಗೆ ಡಿಕ್ಕಿ ಹೊಡೆದು ಮುಂಗೈ ಊದಿಕೊಂಡ ತಿಂಗಳು ಯಾವ ಎಸಿ ರಿಪೇರಿಯಾಯಿತೋ ಆ ಆಫೀಸಿಗೇ ಗೊತ್ತು.

ತೊಂಬತ್ತೈದರ ರಜೆಯಲ್ಲಿ ಊರಿಗೆ ಹೋದಾಗ ನಾಗರತ್ನಾಳೊಂದಿಗೆ ಮದುವೆಯಾಯಿತು. ಅರಿಶಿನದ ಬಣ್ಣ ಮಾಸುವ ಮೊದಲೇ ರಜೆ ಮುಗಿಯಿತು. ಹೆಂಡತಿಯನ್ನು ಕರೆಸಿಕೊಳ್ಳಲು ಫ್ಯಾಮಿಲಿ ಸ್ಟೇಟಸ್ ಬೇಕು. ಹೆಲ್ಪರ್ ಎಂಬ ವೀಸಾದವನಿಗೆ ಅದು ಸಿಗುವುದಿಲ್ಲ. ಹೆಲ್ಪರನಿಗೆ ಹೆಂಡತಿ ಇರಬಹುದು, ಆದರೆ ಊರಿನಲ್ಲಿರಬೇಕು ಎಂಬುದು ಸರಕಾರದ ಎಣಿಕೆ. ಶುಕ್ರವಾರ ಸಂಜೆ ಅವನು ಫೋನ್ ಮಾಡುತ್ತಿದ್ದ. ನಾಗರತ್ನಾ ಬೆಟಗೇರಿಯ ಎಸ್‌ಟಿಡಿ ಬೂತಿನಲ್ಲಿ ಬಂದು ಕಾದಿರುತ್ತಿದ್ದಳು.

"ಯಾವಾಗ ಕರಸ್ಕೋತೀರಿ?" ಅವಳ ಮೊದಲ ಮಾತೂ ಇದೇ, ಕೊನೆಯ ಮಾತೂ ಇದೇ.

"ಮಾತಾಡಾಕತ್ತೀನಿ."

"ಯಾರ ಜೋಡಿ? ನನ್ನ ಜೋಡಿ ಅಂತೂ ಅಲ್ಲ. ನೀವು ಹಲೋ ಅನ್ನೂದ್ರಾಗ ಬೂತಿನವ ಗಡಿಯಾರ ನೋಡ್ತಾನ."

ಆ ವರ್ಷದ ಚಳಿಗಾಲಕ್ಕೆ ಟೂರ್ನಮೆಂಟು ಬಂತು. ಕಪ್ಪಿನ ಮೇಲೆ ಪಾರ್ಕಿನ ಮಾಲೀಕನಿಗೆ, ಅಂದರೆ ಅಲ್ಲಿಯವರು ಅರ್ಬಾಬ್ ಎನ್ನುವ ಅರಬ ಧಣಿಗೆ, ಆಸೆ. ಅರ್ಬಾಬನ ಆಸೆಯ ಮೇಲೆ ಕಾಸ್ಮಿರರಿಗೆ ಆಸೆ. ಅವರು ಶರಣುವನ್ನು ಕರೆದು ಹೆಗಲ ಮೇಲೆ ಕೈ ಹಾಕಿದರು. ಮ್ಯಾನೇಜರ್ ಆದವರು ಹೆಗಲ ಮೇಲೆ ಕೈ ಹಾಕಿದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು ಎಂಬುದು ಅವನಿಗೆ ಆಗ ತಿಳಿದಿರಲಿಲ್ಲ.

"ನೋಡು, ಕಪ್ಪು ಬಂದರೆ ನಿನ್ನ ವೀಸಾದಲ್ಲಿ ಹೆಲ್ಪರ್ ತೆಗೆಸಿ ಸೂಪರ್‌ವೈಸರ್ ಹಾಕಿಸ್ತೇನೆ. ಮತ್ತೆ ಹೆಂಡತಿಗೆ ವೀಸಾ ಒಂದು ವಿಷಯವೇ ಅಲ್ಲ. ಪ್ರಾಮಿಸ್."

ಶರಣು ಆ ಚಳಿಗಾಲ ಆಡಿದ ಆಟವನ್ನು ನೋಡಿದವರು ಈಗಲೂ ಹೇಳುತ್ತಾರೆ. ಕಪ್ಪಿಗಾಗಿ ಆಡುವವರು ಒಂದು ಬಗೆ. ಹೆಂಡತಿಗಾಗಿ ಆಡುವವನ ಓಟವೇ ಬೇರೆ. ಪಾರ್ಕಿನ ತಂಡ ಫೈನಲ್ ತಲುಪಿತು. ಎದುರಿಗೆ ದುಖಾನಿನ ಎಣ್ಣೆ ಬಾವಿಗಳ ಕಡೆಯಿಂದ ಬಂದ ತಂಡ.

ಇಲ್ಲಿ ಬೆಟಗೇರಿಯ ಗೂಳಪ್ಪ ಮಾಸ್ತರರ ವಿಷಯ ಹೇಳಲೇಬೇಕು. ಶರಣುವಿಗೆ ಸ್ಟಿಕ್ಕು ಹಿಡಿಯಲು ಕಲಿಸಿದವರು ಅವರು. ನೆಲದ ಹಾಕಿಯಲ್ಲಿ ಚಂಡು ಕಾಲಿಗೆ ತಾಗುವುದು ತಪ್ಪು. ಉಳಿದ ಊರುಗಳಲ್ಲಿ ಅಂಪೈರ್ ನೋಡಲಿಲ್ಲವೆಂದರೆ ಆಟಗಾರ ಸುಮ್ಮನೆ ಮುಂದೆ ಓಡುತ್ತಾನೆ. ಮಾಸ್ತರರ ಹುಡುಗರು ಹಾಗಲ್ಲ. "ಚಂಡು ಕಾಲಿಗೆ ಹತ್ತಿದ್ದು ಮೊದಲು ಗೊತ್ತಾಗೋದು ಕಾಲಿಗೆ, ಅಂಪೈರಗ ಅಲ್ಲ. ಸೀಟಿ ಊದೂದ್ರೊಳಗ ಕೈ ಎತ್ರಲೇ" ಎಂದು ಅವರು ಹೇಳುತ್ತಿದ್ದರು. ಎತ್ತದೆ ಸಿಕ್ಕಿಬಿದ್ದವನು ಒಂದು ವಾರ ಆಟ ಬಿಟ್ಟು ಮೈದಾನಕ್ಕೆ ನೀರು ಹೊಡೆಯಬೇಕು. ಹೀಗಾಗಿ ಆ ಹುಡುಗರ ಕೈಗಳು ತಲೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ಕಾಲಿಗೆ ತಾಗಿತು, ಕೈ ಮೇಲೆ ಹೋಯಿತು. ಬಿಸಿ ತಾಗಿದರೆ ಬೆರಳು ಹಿಂದೆ ಬರುವಂತೆ.

ಫೈನಲ್ಲಿನಲ್ಲಿ ಎರಡೂ ತಂಡ ಸಮ ಸಮ. ಆಟ ಮುಗಿಯಲು ಸ್ವಲ್ಪವೇ ಹೊತ್ತು. ಶರಣು ಬಲಗಡೆಯಿಂದ ನುಗ್ಗಿ ಎಂದಿನಂತೆ ಬಿಲ್ಲೆಯನ್ನು ಡಂಕನ್ನನಿಗೆ ಕೊಟ್ಟು ತಾನು ಗೋಲಿನ ಮುಂದೆ ಹೋಗಿ ನಿಂತ. ಡಂಕನ್ ಹೊಡೆದ. ದುಖಾನಿನ ಗೋಲ್‌ಕೀಪರ್, ಸ್ವೀಡನ್ನಿನ ಒಬ್ಬ ನರೆಗಡ್ಡದವನು, ಅದನ್ನು ಕಾಲಿನ ಪ್ಯಾಡಿನಿಂದ ತಡೆದ. ಬಿಲ್ಲೆ ಅಲ್ಲಿಂದ ಪುಟಿದು ಶರಣುವಿನ ಬೂಟಿಗೆ ಬಡಿದು ಬಲೆಯೊಳಗೆ ಹೋಯಿತು.

ರೆಫರಿ ಗೋಲಿನತ್ತ ಬೆರಳು ಚಾಚಿದ. ಶೆಡ್ಡಿನ ತಗಡು ಹಾರುವಂತೆ ಜನ ಕೂಗಿದರು. ಕಾಸ್ಮಿರ್ ಮೈಕನ್ನು ಬಾಯಿಗೆ ತಂದರು. ಆ ಗದ್ದಲದ ನಡುವೆ ಶರಣುವಿನ ಬಲಗೈ ನೆಟ್ಟಗೆ ಮೇಲೆ ಹೋಯಿತು, ಎಡಗೈ ಕೆಳಗೆ ಬಂದು ಬೂಟನ್ನು ತೋರಿಸಿತು.

ರೆಫರಿ ಹತ್ತಿರ ಬಂದು ಕಾಲಿನಿಂದ ಒದೆಯುವ ಅಭಿನಯ ಮಾಡಿ ಹುಬ್ಬು ಎತ್ತಿದ. ಹೌದು, ಕಾಲೇ, ಎಂದು ಶರಣು ತಲೆಯಾಡಿಸಿದ. ತನ್ನ ತಂಡದ ಗೋಲನ್ನು ತಾನೇ ಬೇಡ ಎನ್ನುವವನನ್ನು ಆ ರೆಫರಿ ಜನ್ಮದಲ್ಲಿ ಕಂಡಿರಲಿಲ್ಲ. ಆಟಗಾರನೇ ಒಪ್ಪಿಕೊಂಡ ಮೇಲೆ ಅವನಾದರೂ ಏನು ಮಾಡಬೇಕು? ಗೋಲನ್ನು ರದ್ದು ಮಾಡಿದ. ಆ ಗೊಂದಲದಲ್ಲಿ ಪಾರ್ಕಿನ ತಂಡ ಚದುರಿತು. ದುಖಾನಿನವರು ಇನ್ನೊಂದು ತುದಿಗೆ ಹೋಗಿ ಗೋಲು ಹೊಡೆದರು. ಕಪ್ಪು ದುಖಾನಿನ ದಾರಿ ಹಿಡಿಯಿತು.

ಬೂಟು ಬಿಚ್ಚುವ ಕೋಣೆಯಲ್ಲಿ ಡಂಕನ್ ಹೆಲ್ಮೆಟ್ಟನ್ನು ಗೋಡೆಗೆ ಎಸೆದ. ಬೇಕೆಂದು ಒದ್ದರೆ ಮಾತ್ರ ತಪ್ಪು, ತಾನಾಗಿ ಬಂದು ಬೂಟಿಗೆ ಬಡಿದು ಹೋದರೆ ಅದು ಗೋಲೇ, ಐದು ವರ್ಷದ ಮಗುವಿಗೂ ಇದು ಗೊತ್ತು ಎಂದು ಇಂಗ್ಲಿಷಿನಲ್ಲಿ ಕಿರುಚಿದ. ಶರಣುವಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಎಂತ ಮಾರಾಯ, ಕೈ ಯಾಕೆ ಎತ್ತಿದ್ದು ನೀನು?" ಕಾಸ್ಮಿರ್ ಬಾಗಿಲಲ್ಲಿ ನಿಂತು ಕೇಳಿದರು. "ಅರ್ಬಾಬನ ಮುಖ ನೋಡಿದೆಯಾ? ನಿನಗೆ ದುಖಾನಿನವರು ಎಂತದಾದ್ರೂ ಕೊಟ್ಟಿದ್ದಾರಾ?"

"ಸರ್, ಕಾಲಿಗೆ ಹತ್ತಿದ್ದು ಖರೆ. ಅದು ತಪ್ಪಲ್ಲ ಅಂತ ನನಗ ಯಾರೂ ಹೇಳಿಲ್ರಿ."

"ಹೇಳ್ಬೇಕಾ ಅದನ್ನು? ಎರಡು ವರ್ಷ ಆಡಿದವನಿಗೆ?"

"ಹಂಗಾರ ನನ್ನ ವೀಸಾದ್ದು..."

"ಖಲಾಸ್. ಆ ಮಾತು ಇನ್ನು ತೆಗಿಬೇಡ."

ಎಲ್ಲರೂ ಹೋದ ಮೇಲೆ ಶರಣು ಮತ್ತೆ ಸ್ವೆಟರ್ ಹಾಕಿಕೊಂಡ. ಫೈನಲ್ ಆಡಿದವನೇ ಫೈನಲ್ಲಿನಲ್ಲಿ ಗೀರಿದ ಐಸನ್ನೂ ಕೆರೆಯಬೇಕಲ್ಲ. ಆಗ ದುಖಾನಿನ ಗೋಲ್‌ಕೀಪರ್, ಆ ನರೆಗಡ್ಡದವನು, ಮರೆತ ಕೈಗವಸು ಹುಡುಕುತ್ತ ಒಳಗೆ ಬಂದ. ಪೊರಕೆ ಹಿಡಿದವನನ್ನು ಕಂಡು ನಿಂತ. ಎದುರಾಳಿ ಎಂದು ನೋಡದೆ ಎರಡು ಮಾತು ಹೇಳಿದ. ಒಂದು, ಅದು ಸರಿಯಾದ ಗೋಲೇ ಆಗಿತ್ತು, ತನಗೆ ನಾಚಿಕೆಯಾಗುತ್ತಿದೆ. ಎರಡು, ನಮ್ಮ ಕಡೆ ಗೋಲು ಹೊಡೆದವನ ಜೊತೆಗೆ ಪಾಸ್ ಕೊಟ್ಟವನ ಹೆಸರನ್ನೂ ಮೈಕಿನಲ್ಲಿ ಹೇಳುತ್ತಾರೆ, ಇಲ್ಲಿ ಯಾಕೆ ಹೇಳುವುದಿಲ್ಲ?

ಶರಣು ಐಸ್ ಕೆರೆಯುವುದನ್ನು ನಿಲ್ಲಿಸಿದ. ಅದುವರೆಗೆ ಅವನಿಗಿದ್ದದ್ದು ದುಃಖ. ಈಗ ಸಿಟ್ಟು ಬಂತು. ಒಮ್ಮೆ ಬಂದದ್ದು ಮತ್ತೆ ಹೋಗಲೇ ಇಲ್ಲ. ಬೀಳುವುದನ್ನು ಕಲಿಸಿದರು, ಏಳುವುದನ್ನು ಕಲಿಸಿದರು, ಗೋಲು ಯಾವುದು ಎಂದು ಮಾತ್ರ ಕಲಿಸಲಿಲ್ಲ. ಯಾಕೆಂದರೆ ಇವನ ಕಡೆಯಿಂದ ಒಂದು ಗೋಲು ಒಳಗೆ ಹೋದೀತು ಎಂದು ಅವರಲ್ಲಿ ಒಬ್ಬನೂ ಕನಸಿನಲ್ಲೂ ಎಣಿಸಿರಲಿಲ್ಲ. ಮೂಟೆ ಹೊರುವವನಿಗೆ ಯಾರು ಮಾಲಿನ ರೇಟು ಹೇಳುತ್ತಾರೆ? ಮೂಟೆ ಸರಿಯಾಗಿ ಇಳಿಸಿದರೆ ಸಾಕು. ಅವರ ಮರೆವಿಗೆ ಇವನ ಹೆಂಡತಿ ಬೆಟಗೇರಿಯ ಬೂತಿನಲ್ಲಿ ನಿಲ್ಲಬೇಕು.

ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಕಬೀರ್ ಎಂಬವರ ಸ್ಪೋರ್ಟ್ಸ್ ಅಂಗಡಿ. ಉಳ್ಳಾಲದ ಕಡೆಯವರು; ತಂಡದ ಜೆರ್ಸಿ, ಸ್ಟಿಕ್ಕಿಗೆ ಸುತ್ತುವ ಪಟ್ಟಿ ಎಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಶರಣು ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದ. ಕಬೀರ್ ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದರು.

"ನಿನ್ನ ವೀಸಾದಲ್ಲಿ ಎಂತ ಉಂಟು?"

"ಎಸಿ ಹೆಲ್ಪರ್."

"ಹಾಕಿ ಆಡುವವನು ಅಂತ ಎಲ್ಲಿಯಾದ್ರೂ ಉಂಟಾ?"

"ಎಲ್ಲೂ ಇಲ್ರಿ. ಅದೇ ನನ್ನ ಹಣೇಬಾರ."

"ಹಣೆಬರಹ ಎಂತದ್ದು ಮಾರಾಯ, ಅದೇ ನಿನ್ನ ಬಂಡವಾಳ. ನೀನು ಎಸಿ ಹೆಲ್ಪರ್. ಕೆಲಸ ಮಾಡು, ಒಳ್ಳೆದು ಮಾಡಿ ಮಾಡು. ಆಡಬೇಡ. ಯಾವ ಆಫೀಸಿಗೆ ಹೋಗಿ ಕಂಪ್ಲೇಂಟ್ ಕೊಡ್ತಾರೆ ಅವರು, ನಮ್ಮ ಹೆಲ್ಪರ್ ಆಡುವುದಿಲ್ಲ ಅಂತ?"

ಶರಣು ಚಹಾದ ಲೋಟವನ್ನು ಕೆಳಗಿಟ್ಟ. ತನ್ನನ್ನು ಇಷ್ಟು ದಿನ ಒಳಗೆ ಬಿಡದ ಬಾಗಿಲಿಗೇ ಈಗ ತಾನು ಹೊರಗಿನಿಂದ ಚಿಲಕ ಹಾಕಬಹುದು ಎಂದು ಅವನಿಗೆ ಹೊಳೆದಿರಲಿಲ್ಲ.

ಬೇಸಿಗೆ ಕಳೆದು ಮತ್ತೆ ಆಟ ಶುರುವಾದಾಗ ಡಂಕನ್ ಸ್ಟಿಕ್ಕು ತಂದು ಕೈಗೆ ಕೊಟ್ಟ. ಹಳೆಯದನ್ನು ಮರೆತುಬಿಟ್ಟೆ ಎಂದು ದೊಡ್ಡ ಮನಸ್ಸು ಮಾಡಿ ಹೇಳಿದ. ಶರಣು ಸ್ಟಿಕ್ಕನ್ನು ಗೋಡೆಗೆ ಒರಗಿಸಿ ಕಂಪ್ರೆಸರ್ ನೋಡಲು ಹೋದ. ಕಾಸ್ಮಿರ್ ಓಡಿ ಬಂದರು.

"ಎಂತದು ಇದು? ಆಡುದಿಲ್ವಾ?"

"ನಾ ಹೆಲ್ಪರ್ ಅದೀನ್ರಿ ಸರ್. ಐಸ್ ಚೊಲೋ ಐತಿ ನೋಡ್ರಿ, ಕನ್ನಡಿ ಇದ್ದಂಗ."

"ಓವರ್‌ಟೈಮ್ ಕಟ್ ಮಾಡ್ತೇನೆ."

"ಮಾಡ್ರಿ. ಎಸಿ ರಿಪೇರಿ ನಡದೇ ಇಲ್ಲಲ್ಲ."

ಬಲಗಡೆಗೆ ಒಬ್ಬ ಹೊಸ ಎಂಜಿನಿಯರನನ್ನು ನಿಲ್ಲಿಸಿದರು. ಅವನು ಒಳ್ಳೆಯ ಮನುಷ್ಯ, ಆದರೆ ಬಿಲ್ಲೆ ಸಿಕ್ಕರೆ ಯಾರಿಗೂ ಕೊಡುತ್ತಿರಲಿಲ್ಲ, ಡಂಕನ್ನನಿಗಂತೂ ಮೊದಲೇ ಇಲ್ಲ. ಗೋಲುಗಳ ರಾಜನೆನಿಸಿದ್ದ ಡಂಕನ್ ಮಧ್ಯದಲ್ಲಿ ನಿಂತು ಬಸ್ಸು ತಪ್ಪಿಸಿಕೊಂಡವನಂತೆ ಅತ್ತಿತ್ತ ನೋಡತೊಡಗಿದ. ಪಾರ್ಕಿನ ತಂಡ ಒಂದರ ಹಿಂದೊಂದು ಆಟ ಸೋತಿತು. ಶರಣು ಗೋಡೆಯಾಚೆ ನಿಂತು ನೋಡುತ್ತಿದ್ದ. ಸಂತೋಷವಾಗಬೇಕಿತ್ತು, ಆದರೆ ಅವನ ಕಾಲುಗಳು ಬೂಟಿನೊಳಗೆ ಸುಮ್ಮನಿರುತ್ತಿರಲಿಲ್ಲ. ಆಡಲು ಬರುವವನಿಗೆ ಆಡದೆ ನಿಲ್ಲುವುದೇ ಅತಿ ದೊಡ್ಡ ಓವರ್‌ಟೈಮ್.

ಕೊನೆಗೆ ಒಂದು ದಿನ ಅರ್ಬಾಬನೇ ಆಟಕ್ಕೆ ಬಂದ. ಸೋಲನ್ನು ಕಣ್ಣಾರೆ ನೋಡಿ, "ಆ ಓಡುವ ಹಿಂದಿ ಎಲ್ಲಿ?" ಎಂದು ಕೇಳಿದ. ಅರಬರ ಬಾಯಲ್ಲಿ ನಮ್ಮ ದೇಶದವರೆಲ್ಲ ಹಿಂದಿಗಳೇ, ಗದಗಿನವನಾದರೂ. ಕಾಸ್ಮಿರ್ ಏನು ಉತ್ತರ ಕೊಟ್ಟರೋ ತಿಳಿಯದು. ಮರುದಿನ ಶರಣುವಿಗೆ ಬುಲಾವ್ ಬಂತು.

"ಆಯ್ತು. ಸೂಪರ್‌ವೈಸರ್ ಮಾಡಿಸ್ತೇನೆ. ಹೆಂಡತಿಯ ವೀಸಾವೂ ಆಗ್ತದೆ. ನೀನು ಎಂತ ಮಾಡ್ಬೇಕು, ಟೀಮಿನ ಎದುರು ಸಾರಿ ಅಂತ ಒಂದು ಮಾತು ಹೇಳಿಬಿಡು. ಅಷ್ಟೇ."

"ಎದಕ್ಕ ಸಾರಿ?"

"ಕೈ ಎತ್ತಿದ್ದಕ್ಕೆ."

ಶರಣು ಆ ಮಾತನ್ನು ತೂಗಿ ನೋಡಿದ. ಒಂದು ಶಬ್ದ, ಅದೂ ನಮ್ಮ ಭಾಷೆಯದಲ್ಲ. ಬಸ್ಸಿನಲ್ಲಿ ಕಾಲು ತುಳಿದರೂ ಜನ ದಿನಕ್ಕೆ ಹತ್ತು ಸಲ ಅಂದುಬಿಡುತ್ತಾರೆ. ಅದನ್ನು ಅಂದರೆ ನಾಗರತ್ನಾ ಬರುತ್ತಾಳೆ. ಆದರೆ ಅಂದರೆ, ಕಾಲಿಗೆ ತಾಗಿದ್ದನ್ನು ತಾಗಿತು ಎಂದದ್ದು ತಪ್ಪು ಎಂದಾಯಿತು; ಹೇಳಿಕೊಡದವರದು ತಪ್ಪಲ್ಲ ಎಂದಾಯಿತು; ಬಿಸಿಲಲ್ಲಿ ಒಣಗಿ ಕೈ ಎತ್ತಲು ಕಲಿಸಿದ ಮಾಸ್ತರರದೂ ತಪ್ಪಾಯಿತು.

"ಕೆಲಸ ಹೇಳ್ರಿ, ಮಾಡ್ತೀನಿ. ಸಾರಿ ಒಂದು ಕೇಳಬ್ಯಾಡ್ರಿ. ನನ್ನ ಕಡೆ ಇಲ್ಲ."

ಅವನು ಹೊರಗೆ ಬಂದ. ಆ ವಾರ ಫೋನಿನಲ್ಲಿ ನಾಗರತ್ನಾ ಎಂದಿನ ಪ್ರಶ್ನೆ ಕೇಳಿದಾಗ, ಬರುತ್ತಿದ್ದ ವೀಸಾವನ್ನು ತಾನೇ ಹಿಂದಕ್ಕೆ ತಳ್ಳಿದೆ ಎಂದು ಅವನು ಹೇಳಿಬಿಟ್ಟ.

ಅವಳು ಕೇಳಿದಳು: "ಕಾಲಿಗೆ ಹತ್ತಿತ್ತೋ ಇಲ್ಲೋ?"

"ಹತ್ತಿತ್ತು."

"ಮತ್ತ ಅವರು ಯಾಕ ಸಾರಿ ಕೇಳಸಾಕತ್ತಾರ? ಬುದ್ಧಿ ನೆಟ್ಟಗೈತಿಲ್ಲೋ? ಬ್ಯಾಡ ಬಿಡ್ರಿ. ನಾ ಇಲ್ಲೇ ಇರ್ತೀನಿ." ಫೋನ್ ಇಡುವ ಮೊದಲು ಅವಳು ಸೇರಿಸಿದಳು. "ಆದ್ರೂ ಕೇಳ್ತಾ ಇರ್ತೀನಿ, ಯಾವಾಗ ಕರಸ್ಕೋತೀರಿ ಅಂತ. ಅದನ್ನ ಬಿಡಂಗಿಲ್ಲ."

ಒಂದು ತಿಂಗಳೊಳಗೆ ಸೂಪರ್‌ವೈಸರ್ ಕಾಗದ ಬಂತು. ಸಾರಿ ಇಲ್ಲದೆ ಬಂತು. ಅದರ ಹಿಂದೆಯೇ ನಾಗರತ್ನಾಳ ವೀಸಾ. ಅರ್ಬಾಬನ ಒತ್ತಾಯಕ್ಕೆ ಮ್ಯಾನೇಜರ್ ಮಣಿದರು ಎಂದು ಶರಣು ನಂಬಿದ, ಸ್ಟಿಕ್ಕು ಹಿಡಿದ, ಬಲಗಡೆಗೆ ಹೋದ. ಡಂಕನ್ ಅವನ ಬೆನ್ನು ತಟ್ಟಿ, "ನೀನು ಮ್ಯಾನೇಜರ ಹತ್ತಿರ ಕ್ಷಮೆ ಕೇಳಿದ್ದು ಒಳ್ಳೆಯದಾಯಿತು. ನಮ್ಮೆಲ್ಲರ ಮನಸ್ಸು ಹಗುರಾಯಿತು" ಎಂದ.

ಶರಣುವಿಗೆ ಆಗ ವಿಷಯ ತಿಳಿಯಿತು. ಕಾಸ್ಮಿರ್ ತಮ್ಮ ಮುಖ ಉಳಿಸಿಕೊಳ್ಳಲು ಅವನ ಹೆಸರಿನಲ್ಲಿ ತಾವೇ ಒಂದು ಕ್ಷಮೆ ಹೊಲಿಸಿ, ಇಸ್ತ್ರಿ ಮಾಡಿ, ಎಲ್ಲರಿಗೂ ಹಂಚಿಬಿಟ್ಟಿದ್ದರು. ಅಳತೆಯನ್ನೂ ಕೇಳಿರಲಿಲ್ಲ.

ಆ ಸಂಜೆ ಅವನು ಕಬೀರರ ಅಂಗಡಿಗೆ ನುಗ್ಗಿದ. "ಈಗಿಂದೀಗ ಹೋಗಿ ಎಲ್ಲಾರ ಮುಂದ ಹೇಳ್ತೀನಿ, ನಾ ಕೇಳಿಲ್ಲ ಅಂತ."

"ಹೇಳು. ಹೆಂಡತಿ ವಿಮಾನ ಹತ್ತಿದ್ದಾಳಾ?"

"ಇಲ್ಲ. ಮುಂದಿನ ತಿಂಗಳು."

"ಹಾಗಾದ್ರೆ ಈಗ ಚಹಾ ಕುಡಿ." ಕಬೀರ್ ಒಂದು ಜೆರ್ಸಿಯನ್ನು ಮಡಚುತ್ತ ಹೇಳಿದರು. "ಸತ್ಯ ಮೀನಲ್ಲ ಶರಣು, ಒಂದು ತಿಂಗಳು ಇಟ್ಟರೆ ಹಾಳಾಗುದಿಲ್ಲ. ಆಮೇಲೆ ಹೇಳ್ತಿಯೋ ಬಿಡ್ತಿಯೋ ನಿನಗೆ ಬಿಟ್ಟದ್ದು. ನಾನಾದ್ರೆ ಬಿಡ್ತಿದ್ದೆ."

ಶರಣು ಕಾದ. ಆ ತಿಂಗಳು ಪ್ರತಿ ಶುಕ್ರವಾರವೂ ಯಾರಾದರೂ ಒಬ್ಬರು ಅವನ ವಿನಯವನ್ನು ಹೊಗಳಿದರು. ಒಂದೊಂದು ಹೊಗಳಿಕೆಯನ್ನೂ ಅವನು ಕಹಿ ಗುಳಿಗೆಯಂತೆ ನುಂಗಿದ.

ತೊಂಬತ್ತೇಳರ ಜನವರಿಯಲ್ಲಿ ನಾಗರತ್ನಾ ಬಂದಿಳಿದಳು. ಪಾಸ್‌ಪೋರ್ಟಿನಲ್ಲಿ ರೆಸಿಡೆನ್ಸ್ ಮುದ್ರೆ ಬಿತ್ತು. ಓಲ್ಡ್ ಏರ್‌ಪೋರ್ಟಿನಲ್ಲಿ ಒಂದು ರೂಮು ಮಾಡಿದರು. ಅದರ ಮುಂದಿನ ವಾರವೇ ಆ ವರ್ಷದ ಫೈನಲ್, ಮತ್ತೆ ದುಖಾನಿನವರ ಮೇಲೆ. ಮದುವೆಯ ಇಳಕಲ್ ಸೀರೆ ಉಟ್ಟು, ಮೇಲೆ ಗಂಡನ ಎರಡು ಸ್ವೆಟರ್ ಹಾಕಿಕೊಂಡು ಅವಳು ಮೊದಲ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಕಬೀರ್.

ಬೂಟು ಕಟ್ಟುವ ಕೋಣೆಯಲ್ಲಿ ಎಲ್ಲರೂ ಸಿದ್ಧರಾಗಿದ್ದರು. ರೆಫರಿ ಒಮ್ಮೆ ಬಾಗಿಲು ಬಡಿದು ಹೋಗಿದ್ದ. ಅರ್ಬಾಬ್ ತನ್ನ ಬಂಧುಗಳೊಂದಿಗೆ ಹೊರಗೆ ಬಂದು ಕೂತಾಗಿತ್ತು. ಬದಲಿಗೆ ಒಬ್ಬ ಆಟಗಾರನೂ ಇಲ್ಲದ ದಿನ ಅದು. ಶರಣು ಎದ್ದು ನಿಂತು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ದನಿ ಏರಿಸದೆ ಹೇಳಿದ: ನಾನು ಸಾರಿ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಮ್ಯಾನೇಜರ್ ನಿಮಗೆ ಹೇಳಿದ್ದು ಸುಳ್ಳು. ಬಿಲ್ಲೆ ನನ್ನ ಕಾಲಿಗೆ ತಾಗಿತ್ತು, ನಾನು ಕೈ ಎತ್ತಿದೆ. ಅದು ಗೋಲು ಎಂದು ನೀವು ನನಗೆ ಎರಡು ವರ್ಷ ಹೇಳಲಿಲ್ಲ. ಸಾರಿ ನಿಮ್ಮದು.

ಕಾಸ್ಮಿರ್ ಬಾಗಿಲ ಕಡೆ ಕೈ ತೋರಿಸಿದರು. "ಶರಣು, ಈಗ ಇದೆಲ್ಲ ಯಾಕೆ ಮಾರಾಯ? ಯಲ್ಲಾ, ನಡಿ ಬೇಗ, ಆಟಕ್ಕೆ ಹೋಗು."

"ಹೋಗ್ತೀನ್ರಿ. ಇನ್ನೊಂದು ಐತಿ. ಗೋಲ್ ಆದ್ರ ಪಾಸ್ ಕೊಟ್ಟವನ ಹೆಸರೂ ಮೈಕಿನಾಗ ಹೇಳಬೇಕು. ಇಲ್ಲಾಂದ್ರ ನಾ ಹೆಲ್ಪರ್ ಇದ್ದಾಗಿನ ಪೊರಕಿ ಅಲ್ಲೇ ಐತಿ, ನೀವು ಬಲಗಡೆ ಆಡ್ರಿ."

ಶರಣು ಅದನ್ನೇ ಇಂಗ್ಲಿಷಿನಲ್ಲೂ ಒಮ್ಮೆ ಹೇಳಿದ. ಡಂಕನ್ ತನ್ನ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಅವನು ಸಾರಿ ಹೇಳಲಿಲ್ಲ. ಅಷ್ಟು ದೊಡ್ಡವರಿಗೆ ಅದು ಬಾಯಿಗೆ ಬರುವುದಿಲ್ಲ. ಆದರೆ ಕಾಸ್ಮಿರರ ಕಡೆ ತಿರುಗಿ, "ಹೆಸರು ಹೇಳಿ. ನಮ್ಮ ದೇಶದಲ್ಲಿ ಹೇಳುತ್ತಾರೆ" ಎಂದ. ಅಷ್ಟು ವರ್ಷವೂ ಅವನ ದೇಶ ಎಲ್ಲಿ ಹೋಗಿತ್ತು ಎಂದು ಕೇಳಲು ಹೊತ್ತಿರಲಿಲ್ಲ. ಸೀಟಿ ಕೇಳಿಸಿತು.

ಶರಣು ಬಲಗಡೆಯ ಗೆರೆ ಹಿಡಿದು ಹೊರಟ. ಒಬ್ಬ ಭುಜ ಕೊಟ್ಟ. ಶರಣು ರೆಫರಿಯ ಮುಖ ನೋಡಲಿಲ್ಲ, ತಿರುಗಿ ಕೊಟ್ಟ. ಮುಂದೆ ಹೋಗಿ ಬಿಲ್ಲೆಯನ್ನು ಅಡ್ಡಕ್ಕೆ ತಳ್ಳಿದ. ಡಂಕನ್ ಒಳಗೆ ಹಾಕಿದ. ಶೆಡ್ಡು ಕೂಗಿತು. ಮೈಕು ಒಮ್ಮೆ ಕೆಮ್ಮಿತು.

"ಗೋಲ್, ಡಂಕನ್." ಐಸಿನ ಮೇಲೆ ಶರಣು ಹಿಂದಕ್ಕೆ ಹೋಗದೆ ಮೈಕಿನ ಕಡೆ ಮುಖ ಮಾಡಿ ನಿಂತೇ ಇದ್ದ. "ಪಾಸ್, ಶರಣು."

ಕಬೀರ್ ಚಪ್ಪಾಳೆ ತಟ್ಟಿದರು. "ಕೇಳಿದಿರಾ? ನಿಮ್ಮ ಯಜಮಾನರ ಹೆಸರು."

ನಾಗರತ್ನಾ ಚಪ್ಪಾಳೆ ತಟ್ಟಲಿಲ್ಲ. ಮೈಕು ಹಿಡಿದವರನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಬರೇ ಶರಣು ಅಂದ್ರಲ್ರಿ. ಓಣಿ ಹುಡುಗೂರನ್ನ ಕರದಂಗ. ಶರಣಪ್ಪ ಹಾಲಗಿ ಅನ್ನಾಕ ಏನಾಗಿತ್ತು ಅವರಿಗೆ? ಇನ್ನೊಂದು ಗೋಲ್ ಆಗ್ಲಿ, ನಾನೇ ಎದ್ದು ಹೋಗಿ ಹೇಳ್ತೀನಿ."